ಮೂರು ಪ್ರೂಫ್ ಆದ ಮೇಲೆ

ಬೇಕು ಅನ್ನಿಸುವುದು ಬೇರೆ, ಬೇಕೇ ಬೇಕು ಅನ್ನಿಸುವುದು ಬೇರೆ. ಇವೆರಡರಲ್ಲಿ ತನ್ನದು ಯಾವುದು? ಬೇಕೇ ಬೇಕು ಎಂದಾದರೆ ಇಷ್ಟು ಕಾಲ ಅದಿಲ್ಲದೆ ಹೇಗೆ ಬದುಕಿದ್ದ? ಬರೀ ಬೇಕು ಎಂದಾದರೆ ಒಳಜೇಬಿನಲ್ಲಿ ದುಡ್ಡಿನ ಕವರು ಇಟ್ಟುಕೊಂಡು ಕೆಲಸಕ್ಕೆ ಬಂದದ್ದು ಯಾಕೆ? ಕೊಂಡ ಮೇಲೆ ಓದದೇ ಹೋದರೆ? ಓದಲು ಶುರು ಮಾಡಿದ ಮೇಲೆ ಅದು ಕೆಟ್ಟುಹೋದರೆ? ಇವತ್ತು ಬಿಟ್ಟು ನಾಳೆ ಹೋದರೆ ಆಗುವುದಿಲ್ಲವೆ? ಆಗುವುದಿಲ್ಲ. 'ಇಂದು ಒಂದೇ ದಿನ' ಎಂದು ಕರಪತ್ರದ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಅಷ್ಟು ದಪ್ಪವಾಗಿದ್ದರಿಂದಲೇ ಅದು ಅವನಿಗೆ ಕಾಣಿಸಿತ್ತು.

ಪ್ರೆಸ್ಸಿನಲ್ಲಿ ಅವನಿಗೆ ಅಲ್ಪವಿರಾಮ ಎಂದು ಹೆಸರು. ಟೀ ಬೇಕಾ ಎಂದು ಕೇಳಿದರೆ ಟೀ ಆರುವ ತನಕ ಯೋಚಿಸುತ್ತಿದ್ದ. ಬಾಗಿಲು ದಾಟುವಾಗಲೂ ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತುಬಿಡುತ್ತಿದ್ದ. ಹಿಂದೆ ಕಾಗದದ ಹೊರೆ ಹೊತ್ತು ಬರುತ್ತಿದ್ದವರು ಅವನ ಬೆನ್ನಿಗೆ ಢಿಕ್ಕಿ ಹೊಡೆದು ಬೈದುಕೊಳ್ಳುತ್ತಿದ್ದರು. ಆದರೆ ಪ್ರೂಫ್ ನೋಡುವುದರಲ್ಲಿ ಆ ನಿಧಾನವೇ ಅವನ ಬಂಡವಾಳವಾಗಿತ್ತು. ಅವನ ಕೈ ದಾಟಿದ ಹಾಳೆಯಲ್ಲಿ ತಪ್ಪು ಹುಡುಕುವುದೆಂದರೆ ಬೋಳುತಲೆಯಲ್ಲಿ ಹೇನು ಹುಡುಕಿದ ಹಾಗೆ ಎಂದು ಯಜಮಾನರು ಗಿರಾಕಿಗಳೆದುರು ಹೇಳುತ್ತಿದ್ದರು.

ಈಚೆಗೆ ಹಾಳೆಯ ಮೇಲಿನ ಅಕ್ಷರಗಳು ಒಂದಕ್ಕೊಂದು ಒರಗಿಕೊಳ್ಳತೊಡಗಿದ್ದವು. ಮೊದಲು ಒತ್ತಕ್ಷರಗಳು ಮಸುಕಾದವು. ಆಮೇಲೆ ಸಾಲುಗಳೇ ದೂರದ ಬೇಲಿಯಂತೆ ಕಾಣಿಸಿದವು. ಕಣ್ಣಿನ ಡಾಕ್ಟರು ಅವನ ಕನ್ನಡಕವನ್ನು ಕೈಯಲ್ಲಿ ತೂಗಿ ನೋಡಿ, "ಇನ್ನು ನಂಬರು ಏರಿಸಿ ಪ್ರಯೋಜನ ಇಲ್ಲ. ಓದೋದಾದ್ರೆ ದೊಡ್ಡ ಅಕ್ಷರದಲ್ಲಿ ಓದಿ," ಎಂದಿದ್ದರು. ಡಾಕ್ಟರು ಹೇಳಿದರೆಂದು ಪುಸ್ತಕಗಳು ತಮ್ಮ ಅಕ್ಷರವನ್ನು ದೊಡ್ಡದು ಮಾಡಿಕೊಳ್ಳುತ್ತವೆಯೆ? ಟ್ಯಾಬ್ಲೆಟ್ ಮಾಡಿಕೊಳ್ಳುತ್ತದೆ ಎಂದು ಅವನಿಗೆ ಗೊತ್ತಾದದ್ದು ಬಸ್ಸಿನಲ್ಲಿ. ಪಕ್ಕದ ಸೀಟಿನ ಹೆಂಗಸು ತೊಡೆಯ ಮೇಲಿದ್ದ ಟ್ಯಾಬ್ಲೆಟ್ಟಿನ ಪರದೆಗೆ ಎರಡು ಬೆರಳಿಟ್ಟು ಅಗಲಿಸಿದಳು. ಒಂದು ಪದ ಹಿಟ್ಟಿನ ಉಂಡೆಯಂತೆ ಉಬ್ಬಿತು. ಅವನು ಇಳಿಯಬೇಕಾದ ಸ್ಟಾಪು ದಾಟಿಹೋಯಿತು.

ಅಂದಿನಿಂದ ಅವನ ಲೆಕ್ಕಾಚಾರ ನಡೆದೇ ಇತ್ತು. ಅಂಥದೊಂದು ಕೈಯಲ್ಲಿದ್ದರೆ ಮನೆಯಲ್ಲಿ ತನ್ನ ಪಾಡಿಗೆ ಓದಬಹುದು. ಪುಟಗಳನ್ನು ಅದಕ್ಕೇ ಕಳಿಸಿ ಎಂದು ಕೇಳಿದರೆ ಪ್ರೂಫನ್ನೂ ನೋಡಬಹುದು. ಕುರ್ಚಿ ಉಳಿಯುತ್ತದೆ. ಕಣ್ಣು ಕೈಕೊಟ್ಟ ಪ್ರೂಫ್ ರೀಡರ್ ಎಂದರೆ ಮೂಗು ಕಟ್ಟಿದ ಅತ್ತರಿನ ವ್ಯಾಪಾರಿ, ಯಾರು ಇಟ್ಟುಕೊಳ್ಳುತ್ತಾರೆ? ಯಜಮಾನರಿಗೆ ಹೇಳಿದರೆ ಕೆಲಸ ಹೋಗುತ್ತದೆ, ಹೆಂಡತಿಗೆ ಹೇಳಿದರೆ ಅವಳ ನಿದ್ದೆ ಹೋಗುತ್ತದೆ. ಹಾಗಾಗಿ ವಿಷಯ ಅವನ ಮತ್ತು ಡಾಕ್ಟರ ನಡುವೆ ಉಳಿದಿತ್ತು.

ಅಡ್ಡಿಯಾಗಿದ್ದದ್ದು ಬೆಲೆ. ಆ ದಿನ ಬೆಳಿಗ್ಗೆ ಪೇಪರಿನ ಮಡಿಕೆಯಿಂದ ಕರಪತ್ರ ಜಾರಿ ಬಿತ್ತು. ಹೆಂಡತಿ ಎತ್ತಿಕೊಂಡು ಗಟ್ಟಿಯಾಗಿ ಓದಿದಳು: "ನೋಡ್ರೀ, ಟ್ಯಾಬ್ಲೆಟ್ ಅಂತೆ, ಆರು ಸಾವಿರದ ಒಂಬೈನೂರ ತೊಂಬತ್ತೊಂಬತ್ತಂತೆ. ನಿಮ್ಮ ಪ್ರೆಸ್ಸಿಂದೇ ಅಚ್ಚು." ಹೌದು, ಮುಖ್ಯ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯ ಅವಸರದ ಕೆಲಸ, ನಿನ್ನೆ ಸಂಜೆ ಅವನ ಕೈಯಿಂದಲೇ ದಾಟಿಹೋಗಿತ್ತು. ಓವರ್‌ಟೈಮಿನ ದುಡ್ಡು ಆ ಬೆಲೆಗೆ ಸರಿಹೋಗುತ್ತಿತ್ತು. ಹೆಂಡತಿ ಅಡುಗೆಮನೆಗೆ ಹೋದದ್ದೇ ತಡ, ಕವರು ಜೇಬಿಗೆ ಇಳಿಯಿತು.

ಈಗ ಅವನು ಕರಪತ್ರವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಕೂತಿದ್ದ.

"ಏನಪ್ಪಾ, ಮೂಸಿ ನೋಡ್ತಿದೀಯಾ ಶಾಯಿ ಒಣಗಿದೆಯಾ ಅಂತ?"

ಕೇಳಿದವರು ಅಕ್ಕ. ಕಂಪ್ಯೂಟರಿನ ಮುಂದೆ ಕೂತು ಪ್ರೆಸ್ಸಿನ ಸಮಸ್ತ ಅಕ್ಷರಗಳನ್ನೂ ಕುಟ್ಟುವವರು. ವಯಸ್ಸಿನಲ್ಲಿ ಅವನಿಗಿಂತ ಸ್ವಲ್ಪವೇ ದೊಡ್ಡವರು, ಅಧಿಕಾರದಲ್ಲಿ ಯಜಮಾನರಿಗಿಂತ.

"ಏನಿಲ್ಲ ಅಕ್ಕಾ. ಇದೊಂದು ತಗೊಳ್ಳೋಣ ಅಂತ... ಅಂದ್ರೆ, ಇನ್ನೂ ನಿರ್ಧಾರ ಮಾಡಿಲ್ಲ."

"ನೀನು ನಿರ್ಧಾರ ಮಾಡೋ ಹೊತ್ತಿಗೆ ಅಂಗಡಿಯವನ ಮೊಮ್ಮಗ ಗಲ್ಲಾದಲ್ಲಿ ಕೂತಿರ್ತಾನೆ. ಯಾಕೆ ಬೇಕು ನಿನಗೆ?"

"ಸುಮ್ನೆ. ಓದೋಕೆ. ಹಾಗೇ ಏನಾದ್ರೂ ನೋಡೋಕೆ."

"ದಿನವಿಡೀ ಓದೋದಕ್ಕೇ ಸಂಬಳ ತಗೊಂಡು, ಮನೆಗೆ ಹೋಗಿ ಮತ್ತೆ ಓದ್ತೀಯಾ? ಬಟ್ಟೆ ಒಗೆಯೋನು ರಜಾ ಹಾಕಿ ಹೊಳೆಗೆ ಹೋದ ಹಾಗಾಯ್ತು!"

ಇದಕ್ಕೆ ಅವನಲ್ಲಿ ಉತ್ತರವಿತ್ತು, ಆದರೆ ಬಾಯಿಗೆ ತರುವಂಥದಲ್ಲ. ನಿಜವಾದ ಕಾರಣವನ್ನು ಮುಚ್ಚಿಟ್ಟವನ ವಾದ ಕಾಲಿಲ್ಲದ ಕುರ್ಚಿ. ಯಾರು ಬೇಕಾದರೂ ಉರುಳಿಸಬಹುದು. ಅವನು ನಕ್ಕುಬಿಟ್ಟ. ಆ ನಗುವನ್ನು ಅಕ್ಕ ಒಪ್ಪಿಗೆ ಎಂದು ತಿಳಿದರು.

"ನೋಡು, ನಾಲ್ಕು ಸಾಲಿನ ಕಾರ್ಡಿಗೂ ನಾವು ಮೂರು ಪ್ರೂಫ್ ನೋಡ್ತೀವಿ. ಇದು ದುಡ್ಡಿನ ವಿಷಯ. ಮೂರು ಪ್ರೂಫ್ ಆಗಲೇಬೇಕು. ಮೊದಲನೇದು ನಂದು."

ಮೂರು ಪ್ರೂಫು ಆ ಪ್ರೆಸ್ಸಿನ ಕಟ್ಟಳೆ. ಮೊದಲನೆಯದು ಕುಟ್ಟಿದ ಅಕ್ಕನದು, ಎರಡನೆಯದು ಯಜಮಾನರದು, ಮೂರನೆಯದು ಅಲ್ಪವಿರಾಮನದು. ಅವನ ಸಹಿ ಬೀಳದೆ ಮಷಿನ್ ತಿರುಗುತ್ತಿರಲಿಲ್ಲ. ಈಗ ಅದೇ ಕಟ್ಟಳೆ ಅವನ ಮೇಲೆಯೇ ತಿರುಗಿತು.

ಅಕ್ಕ ಪ್ರೆಸ್ಸಿನ ಫೋನೆತ್ತಿ ತಂಗಿಯ ಮಗಳಿಗೆ ಹಚ್ಚಿದರು. ಅವಳು ಇಂಥ ವಿಷಯಗಳಲ್ಲಿ ಪಂಡಿತೆ. ಟ್ಯಾಬ್ಲೆಟ್ಟಿನ ಮೆಮೊರಿ, ಬ್ಯಾಟರಿ, ಪರದೆ ಎಲ್ಲ ವಿಚಾರಿಸಿ, ಕೊನೆಗೆ ತಂಗಿಯ ಮಂಡಿನೋವಿನ ವರೆಗೂ ಬಂದು, ಬೆಳಗಿನ ಅರ್ಧ ಹೊತ್ತು ಕಳೆದರೂ ಅವರು ಫೋನ್ ಇಟ್ಟಿರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಮಷಿನಿನವನು ಬಂದ. ಅವನ ಬೆರಳು ತಾಗಿದ ಕಡೆಯಲ್ಲೆಲ್ಲ ಕಪ್ಪು ಮುದ್ರೆ ಬೀಳುತ್ತಿತ್ತು. ಕರಪತ್ರದ ಮೇಲೂ ಬಿತ್ತು.

"ಸಾರ್, ನನಗೊಂದು ಅನುಮಾನ. ಇಷ್ಟು ಕಡಿಮೆಗೆ ಹೇಗೆ ಕೊಡ್ತಾನೆ? ನನ್ನ ಭಾವಮೈದ ಇದನ್ನೇ ಜಾಸ್ತಿ ಕೊಟ್ಟು ತಗೊಂಡಿದ್ದ."

"ಹಳೇ ಮಾಲು ಇರಬಹುದು," ಎಂದರು ಅಕ್ಕ, ಫೋನಿನ ಬಾಯಿಗೆ ಕೈ ಮುಚ್ಚಿ.

"ಕಳ್ಳಮಾಲೂ ಇರಬಹುದು. ಇಲ್ಲಾಂದ್ರೆ ಬ್ಯಾಟರಿ. ಭಾವಮೈದನದ್ದು ಊದಿ ಊದಿ ದಿಂಬಿನ ಹಾಗಾಗಿತ್ತು ಸಾರ್. ಪಾಪ, ಅವನು ಅದರ ಮೇಲೆ ತಲೆ ಇಟ್ಟು ಮಲಗೋ ಹಾಗೂ ಇರಲಿಲ್ಲ, ಬಿಸಿ."

"ಅಂಗಡಿಯವನಿಗೆ ಮಗಳ ಮದುವೆ ಇರಬೇಕು, ದುಡ್ಡಿಗೆ ಅವಸರ."

"ಅಂಗಡಿ ಮುಚ್ತಿದಾನೇನೋ."

ಕಡಿಮೆ ಬೆಲೆಗೆ ಅವರಿಬ್ಬರೂ ಹುಡುಕದ ಕಾರಣವಿಲ್ಲ. ಅಲ್ಪವಿರಾಮನಿಗೆ ಒಂದೊಂದು ಕಾರಣ ಕೇಳಿದಾಗಲೂ ಜೇಬಿನ ಕವರು ಒಂದಿಷ್ಟು ಭಾರವಾಗುತ್ತಿತ್ತು. ಬೇಡವೇ ಬೇಡ ಎಂದುಕೊಂಡ. ಎದುರಿಗಿದ್ದ ಪ್ರೂಫ್ ಹಾಳೆಯನ್ನು ನೋಡಿದ. ಸಾಲುಗಳು ಇರುವೆಗಳಂತೆ ಅಲುಗಾಡುತ್ತಿದ್ದವು. ಬೇಕೇ ಬೇಕು ಎಂದುಕೊಂಡ.

ಮಧ್ಯಾಹ್ನ ಯಜಮಾನರು ಬಂದರು. ಅಕ್ಕ ವಿಷಯವನ್ನು ಅವರ ಮುಂದಿಟ್ಟರು. ಯಜಮಾನರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ನ್ಯಾಯ ಹೇಳುವವರ ಹಾಗೆ ಕಣ್ಣು ಮುಚ್ಚಿದರು.

"ಏನಯ್ಯಾ, ನಮ್ಮ ಪ್ರೆಸ್ಸಲ್ಲಿ ಅಚ್ಚಾದ ಕಾಗದದ ಮೇಲೇ ನಮ್ಮವರು ಅನುಮಾನ ಪಟ್ಟರೆ ಊರು ನಂಬುತ್ತಾ? ಅಳಿಯನ್ನ ಒಂದು ಮಾತು ಕೇಳ್ತೀನಿ ಇರು." ಎಂದು ಅವರೂ ಫೋನೆತ್ತಿದರು. ಅಳಿಯ ದೂರದಲ್ಲಿದ್ದ, ಮಾತು ಅದಕ್ಕಿಂತ ದೂರ ಹೋಯಿತು.

ಅವರು ಫೋನ್ ಇಟ್ಟೊಡನೆ ಅಕ್ಕ ಮತ್ತೆ ಎತ್ತಿಕೊಂಡರು. ಈ ಸಲ ಹಚ್ಚಿದ್ದು ಅವನ ಮನೆಗೆ. "ತಾಯೀ, ನಿಮ್ಮ ಯಜಮಾನರು ನಿಮಗೆ ಹೇಳದೆ ಟ್ಯಾಬ್ಲೆಟ್ ತಗೊಳ್ಳೋಕೆ ಹೊರಟಿದಾರೆ. ನನ್ನ ಹೆಸರು ಹೇಳಬೇಡಿ," ಎಂದು ಹೇಳಿ ಫೋನನ್ನು ಅವನ ಕೈಗೇ ಕೊಟ್ಟರು.

"ಹೌದೇನ್ರೀ?" ಎಂದಳು ಹೆಂಡತಿ.

"ಹೂಂ. ಅಂದ್ರೆ, ನೋಡೋಣ ಅಂತ."

"ಬೇಕು ಅನ್ನಿಸಿದ್ರೆ ತಗೊಳ್ಳಿ. ನಾನೇನೂ ಬೇಡ ಅನ್ನಲ್ಲ. ಯಾಕೆ ಅಂತ ಮಾತ್ರ ಹೇಳಿ."

ಅವನು ಗೋಡೆಯ ಕಡೆ ತಿರುಗಿ ನಿಂತ. ಹೇಳುವುದಿದ್ದರೆ ಇದೇ ಹೊತ್ತು. ತಂತಿಯ ಆ ಕೊನೆಯಲ್ಲಿ ಅವಳು ಕಾಯುತ್ತಿದ್ದಳು. ಹಿಂದೆ ನಲ್ಲಿಯ ನೀರು ಬೀಳುವ ಸದ್ದು ಕೇಳಿಸುತ್ತಿತ್ತು, ಆಮೇಲೆ ಅದೂ ನಿಂತಿತು. ಅವಳು ನಲ್ಲಿ ತಿರುಗಿಸಿ ಕಿವಿ ಕೊಟ್ಟಿದ್ದಳು.

"ಸುಮ್ನೆ," ಎಂದ. "ಓದೋಕೆ."

"ಸರಿ," ಎಂದಳು. ಆ ಸರಿಯಲ್ಲಿ ಏನೋ ಒಂದು ಉಳಿದುಹೋಯಿತು.

ಸಂಜೆ ಪ್ರೆಸ್ಸಿಗೆ ಬೀಗ ಬಿತ್ತು. ಅವನೊಬ್ಬನೇ ಹೋಗುವವನಿದ್ದ. ಆದರೆ ಪ್ರೂಫ್ ನೋಡಿದವರು ಅಚ್ಚಾಗುವುದನ್ನು ನೋಡದೆ ಬಿಡುತ್ತಾರೆಯೆ? ಮುಂದೆ ಯಜಮಾನರು, ಅವರ ಹಿಂದೆ ಅಕ್ಕ, ಅಕ್ಕನ ಹಿಂದೆ ಮಷಿನಿನವನು, ನಡುವೆ ಎಲ್ಲೋ ಸಿಕ್ಕಿಕೊಂಡು ಅಲ್ಪವಿರಾಮ. ಬೀದಿಯಲ್ಲಿ ಕಂಡವರು, ಇವನನ್ನು ಪೊಲೀಸಿಗೆ ಒಪ್ಪಿಸಲು ಕರೆದೊಯ್ಯುತ್ತಿದ್ದಾರೆ ಎಂದೇ ತಿಳಿದಿರಬೇಕು.

ಅಂಗಡಿಯ ಮುಂದೆ ಜನ ಗುಂಪುಗೂಡಿ ಏರುದನಿಯಲ್ಲಿ ಮಾತಾಡುತ್ತಿದ್ದರು. "ನೋಡಿದ್ಯಾ, ಎಷ್ಟು ಡಿಮ್ಯಾಂಡು!" ಎಂದು ಯಜಮಾನರು ಮೊಣಕೈಯಿಂದ ದಾರಿ ಮಾಡಿಕೊಂಡು ಒಳಗೆ ನುಗ್ಗಿದರು. ಅಂಗಡಿಯವನು ಗಲ್ಲಾದ ಹತ್ತಿರ ತಲೆ ಹಿಡಿದುಕೊಂಡು ಕೂತಿದ್ದ. ಕೆಲಸಕ್ಕಿದ್ದ ಹೆಂಗಸು ಒಂದು ಟ್ಯಾಬ್ಲೆಟ್ ತಂದು ಅಲ್ಪವಿರಾಮನ ಕೈಗಿಟ್ಟಳು. ಪರದೆಯ ಮೇಲೆ ಯಾವುದೋ ಕತೆಯ ಪುಟವಿತ್ತು.

ಅವನು ಎರಡು ಬೆರಳಿಟ್ಟು ಅಗಲಿಸಿದ.

ಅಕ್ಷರಗಳು ಮಂಜಿನಿಂದ ಹೊರಬಂದವು. ಒಂದು 'ಮ' ಅಷ್ಟಗಲ ಬೆಳೆದು, ತನ್ನ ಸುಳಿ, ತನ್ನ ಹೊಟ್ಟೆ, ತನ್ನ ಕೊಂಬು ಎಲ್ಲವನ್ನೂ ತೋರಿಸುತ್ತ ನಿಂತಿತು. ಅದರ ಅಂಚು ಚೂರೂ ಮಸುಕಾಗಿರಲಿಲ್ಲ. ಎಷ್ಟೋ ತಿಂಗಳ ನಂತರ ಹಳೆಯ ಗೆಳೆಯನೊಬ್ಬ ಎದುರು ಸಿಕ್ಕಂತಾಯಿತು. ಸುತ್ತಲಿನ ಗಲಾಟೆ ಅವನಿಗೆ ಕೇಳಿಸಲಿಲ್ಲ. ಒಂದು ಸಾಲು ಓದಿದ. ಇನ್ನೊಂದು ಓದಿದ.

"ಬ್ಯಾಟರಿ ಕೇಳಿ ಸಾರ್, ಬ್ಯಾಟರಿ," ಎಂದು ಮಷಿನಿನವನು ಕಿವಿಯಲ್ಲಿ ಉಸುರಿದ.

"ಕೊಡಿ," ಎಂದ ಅಲ್ಪವಿರಾಮ. ಹಿಂದಿಲ್ಲ, ಮುಂದಿಲ್ಲ, ಬರೀ ಒಂದು ಪದ. ಅಕ್ಕ ಬೆರಗಾಗಿ ಅವನ ಮುಖ ನೋಡಿದರು.

ಹೆಂಗಸು ಬಿಲ್ಲು ಹರಿದು ಕೊಟ್ಟಳು. ಅಕ್ಕ ಅದನ್ನು ನಡುವೆಯೇ ಕಸಿದುಕೊಂಡು ಓದಿದರು. "ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತಾ? ಏನ್ರೀ ಇದು ಹಗಲು ದರೋಡೆ!"

ಯಜಮಾನರು ಕರಪತ್ರವನ್ನು ಮೇಜಿನ ಮೇಲೆ ಬಡಿದರು. "ಅಚ್ಚಾಗಿದೆ ನೋಡಿ ಇಲ್ಲಿ! ಆರು! ಮೂರು ಪ್ರೂಫ್ ಆಗಿರೋ ಕಾಗದ ಇದು. ನಮ್ಮ ಪ್ರೆಸ್ಸಿಂದೇ!"

ಅಂಗಡಿಯವನು ನಿಧಾನವಾಗಿ ತಲೆ ಎತ್ತಿದ.

"ನಿಮ್ಮ ಪ್ರೆಸ್ಸಿಂದಾ? ನೀವೇನಾ ಅವರು? ಬೆಳಿಗ್ಗೆಯಿಂದ ಫೋನ್ ಮಾಡಿ ಮಾಡಿ ಬೆರಳು ಸವೆದುಹೋಯ್ತು, ಯಾವಾಗ ಮಾಡಿದ್ರೂ ಎಂಗೇಜು! ಅಂಗಡಿ ಬಿಟ್ಟು ಬರೋಣ ಅಂದ್ರೆ ಈ ಜನ ಬಿಡ್ತಿಲ್ಲ. ಒಂಬತ್ತು ಅಂತ ಬರೆದುಕೊಟ್ಟಿದ್ದೆ ಕಣ್ರೀ, ಒಂಬತ್ತು!"

ಅವನು ತಾನು ಬರೆದ ಹಾಳೆಯನ್ನು ಗಲ್ಲಾದಿಂದ ತೆಗೆದು ಕರಪತ್ರದ ಪಕ್ಕಕ್ಕಿಟ್ಟ. ಅಲ್ಪವಿರಾಮನ ಕೈಯಲ್ಲಿದ್ದ ಟ್ಯಾಬ್ಲೆಟ್ಟನ್ನು ಕಿತ್ತುಕೊಂಡು, ಎರಡರ ಫೋಟೋ ಹೊಡೆದು, ಬೆರಳಿನಿಂದ ಹಿಗ್ಗಿಸಿ ಎಲ್ಲರ ಮುಖಕ್ಕೂ ಹಿಡಿದ. ಅವನ ಹಾಳೆಯ ಅಂಕಿ ಒಂಬತ್ತು. ಕರಪತ್ರದ್ದು ಆರು. ನಡುವೆ ಇದ್ದದ್ದು ಒಂದು ಸಣ್ಣ ಬಾಲದ ವ್ಯತ್ಯಾಸ. ಈಗ ಅದು ಆನೆಯ ಸೊಂಡಿಲಿನಷ್ಟು ದೊಡ್ಡದಾಗಿ ಹೊಳೆಯುತ್ತಿತ್ತು. ಅಷ್ಟು ದೊಡ್ಡದನ್ನು ಕಾಣದೆ ಇರಲು ಅಲ್ಪವಿರಾಮನಿಗೂ ಸಾಧ್ಯವಿರಲಿಲ್ಲ.

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು.

"ನಾನು ಮೊದಲನೇ ಪ್ರೂಫು," ಎಂದರು ಅಕ್ಕ. "ಎರಡನೇದು ಇದೆಯಲ್ಲ ಅಂತ ಬಿಟ್ಟಿರ್ತೀನಪ್ಪ."

"ನಾನು ಎರಡನೇದು," ಎಂದರು ಯಜಮಾನರು. "ಮೂರನೇದು ಇದೆ ಅನ್ನೋ ಧೈರ್ಯದ ಮೇಲೆ ತಾನೆ ನಾನು ನೋಡೋದು!"

"ನಾನು ಸಹಿ ನೋಡಿ ಮಷಿನ್ ತಿರುಗಿಸ್ತೀನಿ ಅಷ್ಟೆ," ಎಂದ ಮಷಿನಿನವನು.

ಎಲ್ಲರೂ ಅಲ್ಪವಿರಾಮನ ಕಡೆ ತಿರುಗಿದರು. ಅವನು, ಇಬ್ಬರು ನೋಡಿದ್ದಾರಲ್ಲ ಎಂದು ಸಹಿ ಹಾಕಿದ್ದ.

ಅಂಗಡಿಯವನು ಸುಲಭಕ್ಕೆ ಬಿಡಲಿಲ್ಲ. ಹಟ ಹಿಡಿದ ಇಬ್ಬರು ಗಿರಾಕಿಗಳಿಗೆ ಅಚ್ಚಾದ ಬೆಲೆಗೇ ಕೊಡಬೇಕಾಗಿ ಬಂದಿತ್ತು. ಆ ನಷ್ಟ ತುಂಬಿಕೊಟ್ಟೇ ಹೋಗಬೇಕೆಂದ. ಯಜಮಾನರು ಜೇಬು ತಡಕಿದರು. ತಡಕುತ್ತ ತಡಕುತ್ತ ಅವರ ದೃಷ್ಟಿ ಅಲ್ಪವಿರಾಮನ ಒಳಜೇಬಿನ ಮೇಲೆ ನಿಂತಿತು. "ಕೊನೇ ಸಹಿ ನಿಂದಲ್ಲವೇನಯ್ಯಾ," ಎಂದರು ಮೆಲ್ಲಗೆ. ಕವರು ಹೊರಗೆ ಬಂತು. ಎಣಿಸಿ ಕೊಟ್ಟ ಮೇಲೆ ಅದರಲ್ಲಿ ಉಳಿದದ್ದು ಟ್ಯಾಬ್ಲೆಟ್ಟಿನ ಗಾಜಿಗೆ ಅಂಟಿಸುವ ಪ್ಲಾಸ್ಟಿಕ್ ಹಾಳೆಗೆ ಸಾಕಾಗುವಷ್ಟು. ಹೆಂಗಸು ಟ್ಯಾಬ್ಲೆಟ್ಟನ್ನು ಒರೆಸಿ ಡಬ್ಬಿಗೆ ಹಾಕಿದಳು.

ಹಿಂತಿರುಗುವಾಗ ಯಜಮಾನರ ಕೋಪ ಇಳಿದಿತ್ತು. "ಅಲ್ಲಯ್ಯಾ, ಇಷ್ಟು ವರ್ಷದಲ್ಲಿ ನಿನ್ನ ಕಣ್ಣು ತಪ್ಪಿಸಿ ಒಂದು ಚುಕ್ಕೆ ಹೋದದ್ದಿಲ್ಲ. ಏನಾಗಿತ್ತು ನಿನಗೆ?"

"ಮನಸ್ಸೆಲ್ಲ ಟ್ಯಾಬ್ಲೆಟ್ ಮೇಲಿದ್ರೆ ಇನ್ನೇನಾಗುತ್ತೆ?" ಎಂದರು ಅಕ್ಕ.

"ನಿದ್ದೆ ಸರಿಯಾಗಿಲ್ಲ ಅನ್ಸುತ್ತೆ ಸಾರ್‌ಗೆ," ಎಂದ ಮಷಿನಿನವನು.

ಯಜಮಾನರು ಸ್ವಲ್ಪ ದೂರ ಯೋಚಿಸುತ್ತ ನಡೆದು, ಅವನ ಹೆಗಲ ಮೇಲೆ ಕೈಯಿಟ್ಟರು. "ಹೋಗಲಿ ಬಿಡು. ಇನ್ನು ಮೂರು ಸಾಲದು. ನಾಳೆಯಿಂದ ನಾಲ್ಕನೇ ಪ್ರೂಫು ಅಂತ ಮಾಡೋಣ. ಬೇರೆ ಯಾರನ್ನೂ ನಂಬೋಕಾಗಲ್ಲ. ಅದನ್ನೂ ನೀನೇ ನೋಡು."

ಮನೆಯಲ್ಲಿ ಹೆಂಡತಿ ಅವನ ಬರಿಗೈ ನೋಡಿದಳು. "ತಗೊಳ್ಳಲಿಲ್ವಾ?"

"ಇಲ್ಲ. ಬೆಲೆ ಜಾಸ್ತಿ."

"ಆರು ಸಾವಿರ ಅಂತ ಇತ್ತಲ್ಲ?"

"ಒಂಬತ್ತಂತೆ. ತಪ್ಪು ಅಚ್ಚಾಗಿತ್ತು."

"ಯಾರ ತಪ್ಪು?"

ಅವನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದ. ಅವಳು ಒಂದಷ್ಟು ಹೊತ್ತು ಅಲ್ಲೇ ನಿಂತಿದ್ದು ಒಳಗೆ ಹೋದಳು. ಆರೂ ಒಂಬತ್ತೂ ತನ್ನ ಕಣ್ಣಿಗೆ ಈಗ ಒಂದೇ ಥರ ಕಾಣುತ್ತವೆ ಎಂಬುದನ್ನು ಅವನು ಅವಳಿಗೂ ಹೇಳಲಿಲ್ಲ.