ನಮ್ಮ ಶೆಡ್ಡಿನ ಸಂಸಾರ

ಇಂಗ್ಲಿಷಿನಿಂದ ನಮ್ಮ ಕಡೆಗೆ ಬಂದ ಪದಗಳಲ್ಲಿ ‘ಶೆಡ್ಡಿ’ನಷ್ಟು ಧಾರಾಳದ್ದು ಇನ್ನೊಂದಿಲ್ಲ. ಕಡೂರಿನಲ್ಲಿ ಶೆಡ್ಡು ಎಲ್ಲಿ ಎಂದರೆ ರೈಲ್ವೆಯ ಗೂಡ್ಸ್ ಶೆಡ್ಡು ತೋರಿಸುತ್ತಾರೆ. ತರೀಕೆರೆಯಲ್ಲಿ ಲಾರಿ ರಿಪೇರಿಯವನ ಹತ್ತಿರ ಕಳಿಸುತ್ತಾರೆ. ತೋಟದಲ್ಲಿ ಅದು ಪಂಪ್‌ಸೆಟ್ಟಿನ ಗೂಡು, ಹಿತ್ತಿಲಲ್ಲಿ ದನದ ಕೊಟ್ಟಿಗೆ. ಮೇಲೊಂದಿಷ್ಟು ತಗಡಿದ್ದರೆ ಸಾಕು, ಯಾರು ಬೇಕಾದರೂ ಒಳಗೆ ಬರಬಹುದು. ಎಪ್ಪತ್ತರ ದಶಕದಲ್ಲಿ ನಾನೂ ಹಾಗೆಯೇ ಒಳಗೆ ಬಂದವನು.

ಆಗ ನಾನು ಅಜ್ಜಂಪುರದಲ್ಲಿ ಇಂಗ್ಲಿಷ್ ಮೇಷ್ಟರು. ಹೊಸದಾಗಿ ಮದುವೆಯಾಗಿತ್ತು. ಬಾಡಿಗೆ ಮನೆ ಸಿಗದೆ ಹೆಂಡತಿ ಗಿರಿಜೆ ದೇವನೂರಿನ ತವರಿನಲ್ಲೇ ಉಳಿದಿದ್ದಳು. ಕೊನೆಗೆ ಪಾರ್ವತಮ್ಮ ಎಂಬ ಹಿರಿಯರು, ಕಾರು ಮಾರಿದ ಮೇಲೆ ಖಾಲಿ ಬಿದ್ದಿದ್ದ ತಮ್ಮ ಕಾರ್ ಶೆಡ್ಡಿಗೆ ಸುಣ್ಣ ಹೊಡೆಸಿ ನನಗೆ ಕೊಟ್ಟರು. ಹಬ್ಬಕ್ಕೆ ದೇವನೂರಿಗೆ ಹೋದಾಗ ಮಾವನವರು, “ಮನೆ ಸಿಕ್ತಾ ಅಳಿಯಂದ್ರೇ?” ಎಂದರು. ಅವರು ದೊಡ್ಡ ತೆಂಗಿನ ತೋಟದವರು. ನಿಮ್ಮ ಮಗಳನ್ನು ಕಾರು ನಿಲ್ಲಿಸುವ ಜಾಗದಲ್ಲಿ ಇರಿಸುತ್ತೇನೆ ಎನ್ನಲು ನಾಲಿಗೆ ಏಳಲಿಲ್ಲ. “ಸಿಕ್ಕಿದೆ... ಶೆಡ್ಡು...” ಎಂದು ಗೊಣಗಿದೆ. ಅವರ ಮುಖ ಅರಳಿತು. “ಮನೆ ಜೊತೆಗೆ ಶೆಡ್ಡೂ ಐತಾ! ಬಲೇ ಒಳ್ಳೇದಾಯ್ತು ಬಿಡಿ” ಎಂದು ಎದ್ದು ಹೋದರು. ಹಿಂದೆಯೇ ಹೋಗಿ ವಿವರಿಸುವಷ್ಟು ಧೈರ್ಯ ನನಗಿರಲಿಲ್ಲ.

ಮುಂದಿನ ಭಾನುವಾರ ತೆಂಗಿನಕಾಯಿ ಸಾಗಿಸುವ ಲಾರಿಯೊಂದು ನಮ್ಮ ಬಾಗಿಲಿಗೆ ಬಂದು ನಿಂತಿತು. ಅದರಿಂದ ಮಾವನವರು ಇಳಿದರು, ಗಿರಿಜೆ ಇಳಿದಳು, ಟ್ರಂಕು ಇಳಿಯಿತು, ಆಮೇಲೆ ಹಲಗೆಯ ಮೇಲೆ ಹೆಜ್ಜೆಯಿಡುತ್ತಾ ಒಂದು ಹಸು ಇಳಿಯಿತು. ಕಾರೇ ಹೋಗುತ್ತಿದ್ದ ಬಾಗಿಲು. ಹಸು ಯಾರನ್ನೂ ಕೇಳದೆ ಒಳಗೆ ಹೋಗಿ ಮಂಚದ ಮೇಲಿದ್ದ ಮಕ್ಕಳ ಉತ್ತರಪತ್ರಿಕೆಗಳಿಗೆ ಬಾಯಿ ಹಾಕಿತು. ಮಾವನವರು ಸುತ್ತ ನೋಡಿ ತಲೆದೂಗಿದರು. “ಶೆಡ್ಡೇನೋ ಚೆನ್ನಾಗೈತೆ. ಮನೆ ಎಲ್ಲಿ?”

“ಇದೇ” ಎಂದೆ, ಹಸುವಿನ ಬಾಯಿಂದ ಕಾಗದ ಎಳೆಯುತ್ತಾ.

ಅವರು ಇನ್ನೊಮ್ಮೆ ತಲೆಯೆತ್ತಿ ತಗಡು ನೋಡಿದರು. ಆಮೇಲೆ ಮಗಳ ಕಡೆ ತಿರುಗಿ, “ಟ್ರಂಕು ವಾಪಸ್ ಲಾರಿಗಾಕಿಸ್ತೀನಿ ಕಣವ್ವ. ಮನೆ ಅಂತ ಒಂದು ಆಗ್ಲಿ, ಆಮೇಲೆ ಬರುವಂತೆ” ಎಂದರು. ಗಿರಿಜೆ ಗೋಡೆ ನೋಡಿದಳು, ಸೀಮೆಎಣ್ಣೆ ಸ್ಟೌ ನೋಡಿದಳು, ನನ್ನನ್ನೂ ನೋಡಿದಳು. “ಕಾದು ಕಾದು ಸಾಕಾಗೈತೆ ಅಪ್ಪಾಜಿ. ನಾನು ಇಲ್ಲೇ ಇರ್ತೀನಿ. ಹಸೂನ ಏನ್ಮಾಡೋದು ಅದ್ನ ಹೇಳಿ” ಎಂದು ಸೆರಗು ಸಿಕ್ಕಿಸಿ ಪೊರಕೆ ಹುಡುಕತೊಡಗಿದಳು.

ಗಲಾಟೆ ಕೇಳಿ ಪಾರ್ವತಮ್ಮ ಬಂದರು. “ನಮ್ಮನೆ ಹಿಂದ್ಗಡೆ ಹೆಂಚಿನ ಕೋಣೆ ಖಾಲಿ ಬಿದ್ದೈತೆ. ಹಸು ಅಲ್ಲಿರ್ಲಿ ಕಣ್ರೀ. ನಂಗೊಂದು ಲೋಟ ಹಾಲು ಕೊಟ್ರಾಯ್ತು” ಎಂದರು. ನಾನು ಊರೆಲ್ಲ ಮನೆ ಹುಡುಕುತ್ತಿದ್ದಾಗ ಈ ಕೋಣೆ ಇವರಿಗೇಕೆ ನೆನಪಾಗಲಿಲ್ಲವೋ! ಆದರೆ ನಾನು ಹಾಲು ಕೊಡುವವನಲ್ಲವಲ್ಲ.

ಅಲ್ಲಿ ನಾವು ಸುಖವಾಗಿದ್ದೆವು. ಬಾಗಿಲಿನ ಎರಡು ಕದವೂ ತೆರೆದರೆ ಬೀದಿಯೇ ನಮ್ಮ ಹಜಾರ. ಬೇಸಿಗೆಯಲ್ಲಿ ಮಾತ್ರ ತಗಡಿನ ಕೆಳಗೆ ನಾವು ಹಪ್ಪಳ. ಮಾವನವರು ದೇವನೂರಿನಲ್ಲಿ ಯಾರು ವಿಚಾರಿಸಿದರೂ ಒಂದೇ ಉತ್ತರ ಕೊಡುತ್ತಿದ್ದರಂತೆ: “ನಮ್ಮ ಹಸು ಹೆಂಚಿನ್ ಮನೇಲೈತೆ. ಅಳಿಯಂದ್ರು ಶೆಡ್ಡಲ್ಲಿ ಅವ್ರೆ.” ಇಂಗ್ಲಿಷ್ ಮೇಷ್ಟರಾಗಿ ಆ ಮಾತಿನಲ್ಲಿ ತಪ್ಪು ಹುಡುಕಿ ನೋಡಿದೆ, ಒಂದೂ ಸಿಗಲಿಲ್ಲ.