ಹೆಂಡತಿಯ ಹೆಸರಿನಲ್ಲಿ ಒಂದು ಸೊಂಟ

ಪೋರ್ಚುಗಲ್ಲಿನ ತವೀರ ಪಟ್ಟಣದ ಮೇಲೆ ವೆಂಡೆಲ್ ಸಾಹೇಬರಿಗೆ ಇದ್ದ ದೊಡ್ಡ ದೂರು ಏನೆಂದರೆ, ಇಲ್ಲಿ ಎಲ್ಲರೂ ಆರೋಗ್ಯ ವಿಚಾರಿಸುತ್ತಾರೆ. ಬ್ರೆಡ್ಡಿನಂಗಡಿಯವಳು ವಿಚಾರಿಸುತ್ತಾಳೆ, ಮೀನು ಮಾರುವವನು ವಿಚಾರಿಸುತ್ತಾನೆ. ಪಕ್ಕದ ಮನೆಯ ದೋನಾ ಇದಲಿನಾ ಅಂತೂ ಬಟ್ಟೆ ಒಣಗಿಸುವ ನೆಪದಲ್ಲಿ ಬಾಲ್ಕನಿಗೆ ಬಂದು, ನಿದ್ದೆ ಬಂತೆ, ಹೊಟ್ಟೆ ಸರಿಯಿದೆಯೆ, ಕಾಲು ಊದಿಲ್ಲ ತಾನೆ ಎಂದು ಕೇಳದೆ ಒಳಗೆ ಹೋದವಳೇ ಅಲ್ಲ. ಬೇರೆ ಯಾರಾದರೂ ಆಗಿದ್ದರೆ ಇದನ್ನು ಅಕ್ಕರೆ ಎಂದುಕೊಳ್ಳುತ್ತಿದ್ದರು. ಸಾಹೇಬರು ತನಿಖೆ ಎಂದುಕೊಂಡರು.

ಅವರದು ಪೂರ್ತಿ ತಪ್ಪೆನ್ನುವ ಹಾಗೂ ಇಲ್ಲ. ಅಮೆರಿಕದ ಒಮಾಹಾದಲ್ಲಿ ನಿವೃತ್ತರಾಗುವ ತನಕ ಅವರು ದುಡಿದದ್ದು ಒಂದು ವಿಮಾ ಕಂಪನಿಯಲ್ಲಿ. ಆಸ್ಪತ್ರೆ ಖರ್ಚು ಕೊಡಿ ಎಂದು ಕೇಳಿದ ರೋಗಿಗಳಿಗೆ ಯಾಕೆ ಕೊಡಲಾಗುವುದಿಲ್ಲ ಎಂದು ಕಾರಣ ಹುಡುಕಿಕೊಡುವುದು ಅವರ ಉದ್ಯೋಗ. (ಉದ್ಯೋಗವೆಂದರೆ ಸಾಲದು, ಕಲೆ.) ರೋಗಿಗೆ ತಾವೇ ಫೋನ್ ಮಾಡಿ, ಜೇನು ಸುರಿಸುವ ದನಿಯಲ್ಲಿ, "ಅಯ್ಯೋ ಪಾಪ, ಎಷ್ಟು ದಿನದಿಂದ ಇದೆ ಈ ನೋವು?" ಎಂದು ಕೇಳುತ್ತಿದ್ದರು. ಆ ಕಡೆಯವರು ಕರಗಿ, "ಏನು ಹೇಳಲಿ ಸಾರ್, ತುಂಬಾ ವರ್ಷ ಆಯ್ತು" ಎಂದರೆ ಕಥೆ ಮುಗಿಯಿತು. ವಿಮೆ ಮಾಡಿಸುವ ಮೊದಲೇ ಇದ್ದ ಕಾಯಿಲೆ ಎಂದು ಷರಾ ಬರೆದು ಅರ್ಜಿಯನ್ನು ಪಕ್ಕಕ್ಕಿಡುತ್ತಿದ್ದರು. ಹೀಗೆ ಬದುಕಿಡೀ ಮರುಕದ ಮಾತಿನಲ್ಲಿ ಗಾಳ ಹಾಕಿದವರಿಗೆ, ಬೇರೆಯವರು ಮರುಕ ತೋರಿಸಿದಾಗ ಮೊದಲು ಕಾಣುವುದು ಗಾಳವೇ.

ಅಂಥವರ ಎಡಗಡೆಯ ಸೊಂಟದ ಕೀಲು ಸವೆದು ಕೂತಿತ್ತು. ನೋವು ಶುರುವಾದದ್ದು ಒಮಾಹಾದಲ್ಲಿಯೇ. ಆದರೆ ಪೋರ್ಚುಗಲ್ಲಿನಲ್ಲಿ ನೆಲೆಸಲು ಅನುಮತಿ ಬೇಕಾದರೆ ವಿಮೆ ಇರಲೇಬೇಕಾಗಿತ್ತು. ಹಳೆಯ ಕಾಯಿಲೆ ಏನಾದರೂ ಇದೆಯೇ ಎಂದು ಇಲ್ಲಿಯ ವಿಮೆಯವರು ಕೇಳಿದಾಗ ಸಾಹೇಬರು ಎದೆಯುಬ್ಬಿಸಿ, ಏನೇನೂ ಇಲ್ಲ ಎಂದುಬಿಟ್ಟರು. ಈ ಸುಳ್ಳು ಬಯಲಾದರೆ ವಿಮೆಯೂ ಹೋಯಿತು, ಅನುಮತಿಯೂ ಹೋಯಿತು. ಹಾಗಾಗಿ ಅಂದಿನಿಂದ ಹೊರಜಗತ್ತಿನ ಪಾಲಿಗೆ ಅವರಿಗೆ ಸೊಂಟದ ನೋವಿಲ್ಲ. ಬೀದಿಯಲ್ಲಿ, ಆ ನುಣುಪು ಕಲ್ಲುಹಾಸಿನ ಮೇಲೆ, ಹಲ್ಲು ಕಚ್ಚಿ ನಗುತ್ತಾ ಸೈನಿಕನ ಹಾಗೆ ನೆಟ್ಟಗೆ ನಡೆಯುತ್ತಿದ್ದರು. ಮನೆಯ ಬಾಗಿಲು ಹಾಕಿಕೊಂಡ ಮೇಲೆಯೇ ಗೋಡೆ ಹಿಡಿದು ನರಳುವುದು. ಬಗ್ಗಲಾಗದೆ ಕಾಲುಚೀಲವನ್ನೂ ಹೆಂಡತಿ ಮಾರ್ಲಿಸ್ ಹಾಕಬೇಕು.

ಮಾರ್ಲಿಸ್‌ಳ ಸೊಂಟಕ್ಕೆ ಏನೂ ಆಗಿರಲಿಲ್ಲ. ಆಕೆ ಬೆಳಗಾಗುತ್ತಲೇ ಉಪ್ಪಿನ ಗದ್ದೆಗಳ ಕಡೆ ನಡೆಯಲು ಹೊರಟರೆ ಬಿಸಿಲೇರಿದ ಮೇಲೆಯೇ ಬರುವುದು. ಅಂಥ ಹೆಂಗಸಿಗೆ ಈ ಚಳಿಗಾಲದಲ್ಲಿ ವಿಚಿತ್ರ ಅನುಭವಗಳಾಗತೊಡಗಿದವು. ಅಂಗಡಿಗೆ ಹೋದರೆ ಕುರ್ಚಿ ಎಳೆದು ಕೂರಿಸುತ್ತಾರೆ. ರಸ್ತೆ ದಾಟಲು ನಿಂತರೆ ಯಾರೋ ಬಂದು ತೋಳು ಹಿಡಿಯುತ್ತಾರೆ. ದೋನಾ ಇದಲಿನಾ ದಿನ ಬಿಟ್ಟು ದಿನ ಮೂಳೆಯ ಸಾರು ಕಾಯಿಸಿ ಪಾತ್ರೆ ತುಂಬ ತಂದುಕೊಟ್ಟು, ಕೆನ್ನೆ ಸವರಿ, ಕಣ್ಣು ಒದ್ದೆ ಮಾಡಿಕೊಂಡು ಹೋಗುತ್ತಾಳೆ. ತನಗೆ ಏನೋ ದೊಡ್ಡ ರೋಗ ಬಂದು, ಅದು ತನ್ನೊಬ್ಬಳಿಗೇ ಗೊತ್ತಿಲ್ಲವೇ ಎಂದು ಮಾರ್ಲಿಸ್‌ಗೇ ಗಾಬರಿಯಾಯಿತು. ಕೊನೆಗೆ ಔಷಧಿ ಅಂಗಡಿಯ ಫೌಸ್ತಿನೊ, ಗಲ್ಲಾದ ಮೇಲೆ ಬಗ್ಗಿ, ಮುಲಾಮಿನಿಂದ ನಿಮ್ಮ ಸೊಂಟಕ್ಕೆ ಏನಾದರೂ ಗುಣ ಕಂಡಿತೇ ಎಂದು ಸರತಿಯಲ್ಲಿದ್ದವರೆಲ್ಲ ಕೇಳುವ ಹಾಗೆ ವಿಚಾರಿಸಿದ ಮೇಲೆ ವಿಷಯ ಬಯಲಾಯಿತು.

ಆಕೆ ಮನೆಗೆ ಬಂದಾಗ ಸಾಹೇಬರು ಸೋಫಾದ ಮೇಲೆ ಅಡ್ಡಾಗಿ, ಅದೇ ಮುಲಾಮನ್ನು ಕೈಗೆಟುಕಿದಷ್ಟು ದೂರ ಹಚ್ಚಿಕೊಳ್ಳುತ್ತಿದ್ದರು.

"ನನ್ನ ಸೊಂಟಕ್ಕೆ ಏನಾಗಿದೆ ವೆಂಡೆಲ್?" ಎಂದು ಮಾರ್ಲಿಸ್ ತಣ್ಣಗೆ ಕೇಳಿದಳು.

ಸಾಹೇಬರು ಮುಲಾಮಿನ ಮುಚ್ಚಳ ಹುಡುಕತೊಡಗಿದರು. "ಏನೂ ಇಲ್ವಲ್ಲ. ಚೆನ್ನಾಗಿದೆ."

"ಊರೆಲ್ಲಾ ಬೇರೆ ಹೇಳ್ತಿದೆ. ಸವೆದುಹೋಗಿದೆಯಂತೆ. ಏಳು ವರ್ಷದಿಂದ ನರಳ್ತಿದೀನಂತೆ. ಆದ್ರೂ ಯಾರ ಹತ್ರಾನೂ ಹೇಳ್ಕೊಳ್ಳಲ್ವಂತೆ, ಅಷ್ಟು ಗಟ್ಟಿ ಹೆಂಗಸಂತೆ ನಾನು."

"ಫೌಸ್ತಿನೊ ಯಾರಿಗೆ ಅಂತ ಕೇಳಿದ. ಯಾರಿಗೋ ಅಂತ ಹೇಳ್ಬೇಕಲ್ಲ. ನೀನು ಸತ್ಯ ಹೇಳ್ಬಿಟ್ಟೆಯೇನು?" ಅವರ ದನಿಯಲ್ಲಿ ಭಯವಿತ್ತು.

"ನಿನ್ನ ಮಾನ ಉಳಿಸೋಕೆ ಸ್ವಲ್ಪ ಕುಂಟಿಕೊಂಡೇ ಅಂಗಡಿಯಿಂದ ಹೊರಗೆ ಬಂದೆ," ಎಂದಳು ಮಾರ್ಲಿಸ್. "ನನಗೆ ನಾಚಿಕೆಯಾಯ್ತು."

ಆಮೇಲೆ ನಡೆದ ಮಾತನ್ನೆಲ್ಲ ಬರೆದರೆ ಈ ಹಾಳೆಗೇ ಬೆಂಕಿ ಬೀಳುತ್ತದೆ. ಸಾರಾಂಶ ಇಷ್ಟು. ವಿಮೆ ಮುಟ್ಟುವುದು ಬೇಡ, ಸರ್ಕಾರದ ಆರೋಗ್ಯ ಕೇಂದ್ರಕ್ಕೆ ಹೋಗೋಣ, ಅವರೇ ಕೀಲು ಬದಲಿಸಿ ಕೊಡುತ್ತಾರೆ ಎಂದಳು ಮಾರ್ಲಿಸ್. ಪುಕ್ಕಟೆ ಕೊಡುವ ಕೀಲು ಎಂಥದ್ದಿರಬೇಕು, ಯಾರದ್ದನ್ನು ಕಿತ್ತು ತಂದಿರುತ್ತಾರೋ ಎಂದರು ಸಾಹೇಬರು. ಹಾಗಾದರೆ ನಾಳೆಯಿಂದ ಕಾಲುಚೀಲ ನೀನೇ ಹಾಕಿಕೋ ಎಂದಳಾಕೆ. ಒಂದು ವಾರ ಸಾಹೇಬರು ಬರಿಗಾಲಲ್ಲಿ ಬೂಟು ತೊಟ್ಟರು. ಆಮೇಲೊಂದು ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಕಾಲು ಮುಂದಕ್ಕೆ ಬಾರದೆ ಅರ್ಧದಲ್ಲಿಯೇ ಕಂಬಿ ಹಿಡಿದು ನಿಂತುಬಿಟ್ಟರು. ಮೇಲೆ ಹತ್ತಲಾರರು, ಕೆಳಗೆ ಇಳಿಯಲಾರರು. ಅಲ್ಲಿ ನಿಂತು ಕಣ್ಣಲ್ಲಿ ನೀರು ಬಂದಾಗ ಅವರಿಗೆ ನಿಜವಾಗಿಯೂ ಹೆದರಿಕೆಯಾಯಿತು. ಕೀಲು ಬದಲಿಸದಿದ್ದರೆ ಇನ್ನು ಈ ಮನೆಯೇ ತಮಗೆ ಸೆರೆಮನೆ ಎಂದು ಅರ್ಥವಾಯಿತು.

"ಹೋಗೋಣ," ಎಂದರು. "ಆದ್ರೆ ನೀನು ಬಾಯಿ ಬಿಡಕೂಡದು. ಇವರಿಗೂ ವಿಮೆಯವರಿಗೂ ಒಳಗೊಳಗೇ ಸಂಪರ್ಕ ಇರುತ್ತೆ. ನನಗೆ ಗೊತ್ತು ಈ ಜನ."

"ಯಾವ ಜನ? ನಿನ್ನಂಥವರಾ?" ಎಂದಳು ಮಾರ್ಲಿಸ್. ಆದರೂ ಒಪ್ಪಿಕೊಂಡಳು.

ಆರೋಗ್ಯ ಕೇಂದ್ರದ ಕಾಯುವ ಕೋಣೆಯಲ್ಲಿ ಹೆಂಗಸರ ದರ್ಬಾರು ನಡೆದಿತ್ತು. ತವೀರದಲ್ಲಿ ಡಾಕ್ಟರಿಗಾಗಿ ಸುಮ್ಮನೆ ಕಾಯುವವರು ಯಾರೂ ಇಲ್ಲ. ಒಬ್ಬಾಕೆ ತನ್ನ ಮಂಡಿ ತೋರಿಸಿ, ಕಿರಿಮಗಳ ಮದುವೆಯ ದಿನದಿಂದ ಹೀಗೆ ಎಂದರೆ, ಇನ್ನೊಬ್ಬಾಕೆ ಅದೇನು ಮಹಾ, ನನ್ನ ಬೆನ್ನಿಗೆ ನಿನ್ನ ಮಗಳಷ್ಟೇ ವಯಸ್ಸು ಎನ್ನುತ್ತಾಳೆ. ಹಳೆಯ ನೋವು ಇದ್ದವರಿಗೆ ಹೆಚ್ಚು ಗೌರವ. ದೋನಾ ಇದಲಿನಾ ಕೂಡ ರಕ್ತದೊತ್ತಡ ನೋಡಿಸಿಕೊಳ್ಳಲು ಅಲ್ಲಿಗೆ ಬಂದಿದ್ದಳು. ಮಾರ್ಲಿಸ್‌ಳನ್ನು ಕಂಡವಳೇ ಎದ್ದು ಜಾಗ ಮಾಡಿಕೊಟ್ಟಳು. ಕಡೆಗೂ ಬಂದೆಯಲ್ಲ ತಾಯಿ ಎಂದು ಹತ್ತಾರು ಕಣ್ಣುಗಳು ಆಕೆಯ ಕಡೆ ಮರುಗಿದವು. ಸಾಹೇಬರಿಗೆ ಯಾರೂ ಜಾಗ ಕೊಡಲಿಲ್ಲ. ಅವರು ಗೋಡೆಗೆ ಒರಗಿ, ಸೊಂಟದಲ್ಲಿ ಮೊಳೆ ಹೊಡೆದಂತಾಗುತ್ತಿದ್ದರೂ ನಗುತ್ತಾ ನಿಂತರು. ನಿಮಗೇನು ತೊಂದರೆ ಸೆನ್ಯೋರ್ ಎಂದು ಮಂಡಿಯಾಕೆ ಕೇಳಿದಳು. ಇವಳೇ ಇರಬೇಕು ಬೇಹುಗಾತಿ ಎಂದುಕೊಂಡು ಸಾಹೇಬರು, ತೊಂದರೆಯೇ, ನನಗೇ, ಎಂದು ನಕ್ಕುಬಿಟ್ಟರು.

ಡಾಕ್ಟರ್ ಫಿಲೊಮೆನಾ ನಡುವಯಸ್ಸಿನಾಕೆ. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಮಾತು ಮೃದು. ಆ ಮೃದುತನವೇ ಸಾಹೇಬರನ್ನು ಎಚ್ಚರಿಸಿತು. ಆಕೆ ಅವರನ್ನು ಮಲಗಿಸಿ, ಕಾಲು ಮಡಚಿ, ಒಳಗೆ ಹೊರಗೆ ತಿರುಗಿಸಿದಳು. ಸಾಹೇಬರಿಗೆ ಒಮಾಹಾದ ನಕ್ಷತ್ರಗಳೆಲ್ಲ ಹಗಲಿನಲ್ಲಿಯೇ ಕಂಡವು. ಆದರೆ ವರ್ಷಗಳ ಅಭ್ಯಾಸ, ಮುಖದ ನಗು ಮಾಸಲಿಲ್ಲ. ನೋಯುತ್ತದೆಯೇ ಎಂದರೆ, ಒಂಚೂರು ಎಂದರು. ಡಾಕ್ಟರು ಕೈ ತೊಳೆದು ಬಂದು ಎದುರಿಗೆ ಕುಳಿತು, ತಲೆ ಒಂದು ಕಡೆ ವಾಲಿಸಿ, ಮರುಕದಿಂದ ಕೇಳಿದಳು.

"ಪಾಪ, ಎಷ್ಟು ದಿನದಿಂದ ಇದೆ ಈ ನೋವು?"

ಸಾಹೇಬರ ಬೆನ್ನಿಗೆ ತಣ್ಣೀರು ಸುರಿದಂತಾಯಿತು. ಅದೇ ಮಾತು, ಅದೇ ದನಿ. ತಾವು ಸಾವಿರಾರು ಜನಕ್ಕೆ ಎಸೆದ ಗಾಳ ಈಗ ತಮ್ಮ ಮೂಗಿನ ಮುಂದೆಯೇ ತೂಗುತ್ತಿತ್ತು. ಕಚ್ಚುವುದಕ್ಕೆ ತಾವೇನು ದಡ್ಡರೇ?

"ಹೋದ ವಾರದಿಂದ," ಎಂದರು.

ಮಾರ್ಲಿಸ್ ಕಣ್ಣು ಮುಚ್ಚಿಕೊಂಡಳು.

"ಓ, ಹಾಗಾದ್ರೆ ಒಳ್ಳೇದಾಯ್ತು," ಎಂದಳು ಡಾಕ್ಟರು, ನಿಜವಾಗಿಯೂ ಸಂತೋಷಪಟ್ಟು. "ನನಗೆ ಭಯ ಆಗಿತ್ತು, ತುಂಬಾ ಹಳೇದೇನೋ ಅಂತ. ವರ್ಷಗಟ್ಟಲೆ ನರಳಿದವರನ್ನ ನಾವು ಆಪರೇಷನ್‌ಗೆ ಮೊದಲು ಕಳಿಸ್ತೀವಿ. ನಿಮಗೆ ಅದರ ಅಗತ್ಯ ಇಲ್ಲ. ಬಿಸಿನೀರಿನ ಕೊಳದಲ್ಲಿ ವ್ಯಾಯಾಮ ಮಾಡಿ. ಶರತ್ಕಾಲ ಕಳೀಲಿ, ಆಗಲೂ ನೋವಿದ್ರೆ ಎಕ್ಸ್-ರೇ ತೆಗೆಸಿ ನೋಡೋಣ."

ಸಾಹೇಬರು ಅದನ್ನು ಎರಡು ಸಲ ಮನಸ್ಸಿನಲ್ಲಿ ಹೇಳಿಕೊಂಡರು. ಹಳೆಯ ನೋವಾದರೆ ಮೊದಲು. ಹೊಸ ನೋವಾದರೆ ಕೊಳ. ಇಡೀ ಬದುಕಿನ ವಿದ್ಯೆಯನ್ನು ಯಾರೋ ತಲೆಕೆಳಗು ಮಾಡಿ ನಿಲ್ಲಿಸಿದಂತಿತ್ತು. ಅಷ್ಟರಲ್ಲಿ ಡಾಕ್ಟರು ಮಾರ್ಲಿಸ್ ಕಡೆ ತಿರುಗಿ ಆಕೆಯ ಕೈ ಹಿಡಿದುಕೊಂಡಿದ್ದಳು.

"ನಾನು ನಿಜವಾಗಿ ಕಾಯ್ತಿದ್ದದ್ದು ನಿಮಗೆ. ಫೌಸ್ತಿನೊ ಎಲ್ಲಾ ಹೇಳಿದ್ದಾರೆ. ಏಳು ವರ್ಷ ಹೇಗೆ ಸಹಿಸಿಕೊಂಡ್ರಿ?"

"ಇಲ್ಲ ಡಾಕ್ಟರೇ, ನನಗೆ ಏನೂ ನೋವಿಲ್ಲ," ಎಂದಳು ಮಾರ್ಲಿಸ್.

"ಹೀಗೇ ಹೇಳ್ತೀರಿ ಅಂತಾನೂ ಅವರು ಹೇಳಿದ್ದಾರೆ."

ಸಾಹೇಬರಿಗೆ ತಡೆಯಲಾಗಲಿಲ್ಲ. ಕುರ್ಚಿಯಿಂದ ಎದ್ದರು (ಏಳುವುದಕ್ಕೆ ಸಾಕಷ್ಟು ಹೊತ್ತು ಹಿಡಿಯಿತು), ಮೇಜಿನ ಮೇಲೆ ಕೈಯೂರಿ, ಅಮೆರಿಕ ಬಿಟ್ಟ ಮೇಲೆ ಮೊಟ್ಟಮೊದಲ ಬಾರಿಗೆ ಸತ್ಯವನ್ನು ಹೇಳಿದರು. ಆ ಏಳು ವರ್ಷ ತಮ್ಮದು, ಸೊಂಟ ತಮ್ಮದು, ಮುಲಾಮು ತಮ್ಮದು, ಹೆಂಡತಿ ಕುದುರೆಯ ಹಾಗೆ ಗಟ್ಟಿಮುಟ್ಟಾಗಿದ್ದಾಳೆ ಎಂದರು. ಹೌದು, ಇದೇ ನಿಜ ಎಂದು ಮಾರ್ಲಿಸ್‌ಳೂ ದನಿಗೂಡಿಸಿದಳು.

ಡಾಕ್ಟರು ಸಾಹೇಬರ ಕಡೆ ನೋಡಿದಳು. ಮರುಕವೆಲ್ಲ ಆರಿಹೋಗಿತ್ತು. ಸಾಹೇಬರಿಗೆ ಆ ನೋಟ ಚೆನ್ನಾಗಿ ಗೊತ್ತು. ಫೋನ್ ಕೆಳಗಿಟ್ಟ ಮೇಲೆ ತಾವೇ ಎಷ್ಟೋ ಸಲ ಹಾಗೆ ಅರ್ಜಿಗಳನ್ನು ನೋಡಿದ್ದರು.

"ಸೆನ್ಯೋರ್ ವೆಂಡೆಲ್," ಎಂದಳು ಆಕೆ. "ಒಂದು ನಿಮಿಷದ ಹಿಂದೆ ಹೋದ ವಾರ ಅಂದ್ರಿ. ಹಳೇ ನೋವಿಗೆ ಮೊದಲ ಸರತಿ ಅಂತ ತಿಳಿದ ಕೂಡಲೇ ಏಳು ವರ್ಷ ಆಯ್ತು. ಅದೂ ಹೆಂಡತಿಯ ಏಳು ವರ್ಷ. ಇಪ್ಪತ್ತು ವರ್ಷದಿಂದ ಈ ಕುರ್ಚಿಯಲ್ಲಿ ಕೂತಿದೀನಿ. ಸರತಿ ದಾಟೋಕೆ ಏನೇನೋ ಹೇಳಿದವರನ್ನ ಕಂಡಿದೀನಿ. ಹೆಂಡತಿಯದನ್ನೇ ಕಿತ್ತುಕೊಳ್ಳೋರನ್ನ ನೋಡಿರಲಿಲ್ಲ."

ಮಾರ್ಲಿಸ್ ಮತ್ತೆ ಬಾಯಿ ತೆರೆದಳು. ಡಾಕ್ಟರು ಆಕೆಯ ಭುಜ ತಟ್ಟಿ, ಮುಂದಿನ ವಾರ ನೀವೊಬ್ಬರೇ ಬನ್ನಿ, ಗಂಡನನ್ನು ಮನೆಯಲ್ಲಿ ಬಿಟ್ಟು ಬನ್ನಿ, ನಿಧಾನವಾಗಿ ಮಾತಾಡೋಣ, ಹೆದರಬೇಡಿ ಎಂದಳು. ಆಕೆಯ ಎಕ್ಸ್-ರೇಗೆ ಬೆಳಗಿನ ಮೊದಲ ಹೊತ್ತನ್ನೇ ಗೊತ್ತುಮಾಡಿದಳು. ಸಾಹೇಬರಿಗೆ ಕೊಳದ ದಾರಿ ತಿಳಿಸಿದಳು.

ಆ ಕೋಣೆಯ ಬಾಗಿಲು ಬಹಳ ತೆಳು, ಹೊರಗೆ ಕೂತವರಲ್ಲಿ ಇಂಗ್ಲಿಷ್ ಬಲ್ಲವರೂ ಇದ್ದರು. ಇಬ್ಬರೂ ಹೊರಗೆ ಬರುವ ಹೊತ್ತಿಗೆ ದರ್ಬಾರಿನಲ್ಲಿ ಎಲ್ಲರಿಗೂ ಎಲ್ಲವೂ ತಿಳಿದಿತ್ತು. ದೋನಾ ಇದಲಿನಾ ಎದ್ದು ಬಂದು ಮಾರ್ಲಿಸ್‌ಳ ತೋಳನ್ನು ತನ್ನ ತೋಳಿನಲ್ಲಿ ಸಿಕ್ಕಿಸಿಕೊಂಡಳು. ತನ್ನ ಆಲೂಗಡ್ಡೆ ಚೀಲವನ್ನು ಸಾಹೇಬರ ಕೈಗೆ ಕೊಟ್ಟಳು. ಬೀದಿಯಲ್ಲಿ ಹೆಂಗಸರಿಬ್ಬರೂ ಮುಂದೆ, ಅವರು ಹಿಂದೆ. ಮಾರ್ಲಿಸ್ ಹರಕು ಪೋರ್ಚುಗೀಸಿನಲ್ಲಿ ಏನೇನೋ ವಿವರಿಸುತ್ತಲೇ ಇದ್ದಳು. ಅವಳು ಗಂಡನ ಪರ ಹೇಳಿದಷ್ಟೂ ಇದಲಿನಾಳ ಕಣ್ಣು ಒದ್ದೆಯಾಗುತ್ತಿತ್ತು.

ಇನ್ನು ಯಾರಿಗಾಗಿ ಬಚ್ಚಿಡುವುದು ಎನ್ನಿಸಿತು ಸಾಹೇಬರಿಗೆ. ನಗುವನ್ನು ಬಿಟ್ಟರು, ನೆಟ್ಟಗಿದ್ದ ಬೆನ್ನನ್ನು ಬಿಟ್ಟರು. ಈ ಊರಿಗೆ ಬಂದ ಮೇಲೆ ಮೊದಲ ಸಲ, ನಡುಹಗಲಿನಲ್ಲಿ, ಎಲ್ಲರ ಕಣ್ಣೆದುರಿಗೆ, ಎಡಗಾಲು ಎಳೆಯುತ್ತಾ ಮನಸಾರೆ ಕುಂಟಿದರು. ನೋವಿನ ನಡುವೆಯೂ ಎಷ್ಟೋ ಹಾಯೆನಿಸಿತು.

ದೋನಾ ಇದಲಿನಾ ತಿರುಗಿ ನೋಡಿದಳು. ನಿಂತು, ಇನ್ನೊಮ್ಮೆ ನೋಡಿದಳು.

"ನೋಡು ಮಗಳೇ," ಎಂದಳು ಮಾರ್ಲಿಸ್‌ಗೆ, "ಈಗ ನಿನ್ನ ಕುಂಟನ್ನೂ ಕದ್ದ."