ಅತ್ತಿಗೆ ಓಡಿಸಿದ ಉದಾಹರಣೆ

ಅತ್ತಿಗೆ: ಕೈಪಿಡೀಲಿ ಪ್ರೋಗ್ರಾಂ ಕೋಡಿನ ಫೋಟೋ ಹಾಕಿದ್ರೆ ಗಿರಾಕಿ ಏನ್ಮಾಡ್ಬೇಕೋ? ಕಟ್ಟು ಹಾಕಿಸಿ ಗೋಡೆಗೆ ನೇತುಹಾಕ್ಬೇಕಾ?

ಮೈದುನ: ಕಪ್ಪು ಹಿನ್ನೆಲೆ, ಬಣ್ಣಬಣ್ಣದ ಸಾಲು, ಅಂಚಿಗೆ ನೆರಳು. ಈ ಟೂಲು ಎಷ್ಟು ಚೆಂದ ಮಾಡುತ್ತೆ ನೋಡಿ ಅತ್ತಿಗೆ!

ಮನೆಯ ಮುಂಗೋಣೆಯೇ ಅವರ ಆಫೀಸು. ಪ್ರೋಗ್ರಾಂ ಬರೆಯುವವನು ಮೈದುನ. ಅದರ ಕೈಪಿಡಿ ಬರೆಯುವವಳು ಅತ್ತಿಗೆ. ಅರ್ಥವಾಗದವರು ಫೋನು ಮಾಡಿದರೆ ಬೈಸಿಕೊಳ್ಳುವವಳೂ ಅವಳೇ. ಸಂಜೆಯೊಳಗೆ ಕೈಪಿಡಿ ಹೋಗದಿದ್ದರೆ ಇದ್ದೊಬ್ಬ ದೊಡ್ಡ ಗಿರಾಕಿಯೂ ಕೈಜಾರುತ್ತಿದ್ದ.

ಅತ್ತಿಗೆ: ಫೋಟೋದಿಂದ ಕಾಪಿ ಮಾಡಕ್ಕಾಗುತ್ತೇನೋ? ಪಾಪ, ಒಂದೊಂದೇ ಅಕ್ಷರ ಕುಟ್ಟಬೇಕು.

ಮೈದುನ: ಕುಟ್ಟಲಿ. ಬೆರಳಿಗೆ ವ್ಯಾಯಾಮ.

ಅತ್ತಿಗೆ: ಮೊನ್ನೆ ಹಾಗೆ ಕುಟ್ಟಿದವನೊಬ್ಬ ಫೋನಲ್ಲಿ ನನ್ನ ಜನ್ಮ ಜಾಲಾಡಿಬಿಟ್ಟ.

ಮೈದುನ: ನೀವು ಆರಿಸಿರೋ ಟೂಲಾದ್ರೂ ಏನಂತೆ? ತಲೆ ಬೋಳಿಸ್ಕೊಂಡ ಹಾಗಿದೆ.

ಅತ್ತಿಗೆ: ಬೋಳಾದ್ರೂ ಒಳಗೆ ಬುದ್ಧಿ ಇದೆ. ಪುಟಕ್ಕೆ ಹಾಕೋ ಮೊದಲು ಪ್ರತಿ ಉದಾಹರಣೇನೂ ತಾನೇ ಓಡಿಸಿ ನೋಡುತ್ತೆ. ನೀನು ಬರೆದದ್ದು ನಡೆಯುತ್ತೋ ಕುಂಟುತ್ತೋ ಗೊತ್ತಾಗುತ್ತೆ.

ಮೈದುನ: ನನ್ನ ಮೇಲೇ ಅನುಮಾನವಾ? ಅಣ್ಣನಿಗೆ ಹೇಳ್ತೀನಿ.

ಅತ್ತಿಗೆ: ಧಾರಾಳವಾಗಿ ಹೇಳು. ನಿಮ್ಮಣ್ಣ ಟೀವಿ ರಿಮೋಟಿಗೇ ಹೆದರ್ತಾರೆ.

ಹಾಗೆಂದವಳೇ ತನ್ನ ಟೂಲಿನ ಗುಂಡಿ ಒತ್ತಿದಳು. ಪರದೆಯ ಮೇಲೆ ಹಸಿರು ಗುರುತುಗಳು ಸಾಲಾಗಿ ಮೂಡಿದವು. ಕೊನೆಯದಕ್ಕೂ ಹಸಿರೇ. ಗೆದ್ದ ಮುಖ ಮಾಡಿಕೊಂಡು ಉದಾಹರಣೆಗಳ ಫೋಲ್ಡರು ತೆರೆದರೆ, ಒಳಗೆ ಒಂದು ನರಪಿಳ್ಳೆಯೂ ಇಲ್ಲ!

ಅತ್ತಿಗೆ: ಅಯ್ಯೋ, ಎಲ್ಲಾ ಎಲ್ಲಿ ಹೋದ್ವೋ?

ಮೈದುನ: ಕೊನೇ ಉದಾಹರಣೆ ಯಾವುದಿತ್ತು?

ಅತ್ತಿಗೆ: ‘ಫೋಲ್ಡರಿನಲ್ಲಿರುವುದನ್ನೆಲ್ಲ ಅಳಿಸುವ ಬಗೆ.’ ನೀನೇ ಬರೆದದ್ದು!

ಮೈದುನ: ಬರೆದೆ, ಸರಿ. ಉದಾಹರಣೇನ ಯಾರಾದ್ರೂ ನಿಜವಾಗ್ಲೂ ಓಡಿಸ್ತಾರಾ?

ಅತ್ತಿಗೆ: ಇಲ್ಲ, ಕೈಪಿಡಿ ಇರೋದು ಸೊಳ್ಳೆ ಹೊಡೆಯಕ್ಕೆ! ಬೇರೆ ಪ್ರತಿ ಇಲ್ವೇನೋ?

ಮೈದುನನ ಮುಖ ಊರಗಲವಾಯಿತು.

ಮೈದುನ: ಇಲ್ದೆ ಏನು? ನನ್ನ ಫೋಟೋಗಳಿವೆಯಲ್ಲ! ಈಗ ಹೇಳಿ, ಯಾರ ಟೂಲು ದೊಡ್ಡದು?

ಅತ್ತಿಗೆ: ನಿಂದೇ ಕಣಪ್ಪ, ಸೋತೆ. ಬಾ, ಕೂತ್ಕೊ. ಸಂಜೆಯೊಳಗೆ ಅವನ್ನೆಲ್ಲ ಅಕ್ಷರಕ್ಕಿಳಿಸು.

ಮೈದುನ: ನಾನಾ? ಫೋಟೋದಿಂದ ಕಾಪಿ ಆಗಲ್ಲ ಅತ್ತಿಗೆ!

ಅಂದವನು ನಾಲಿಗೆ ಕಚ್ಚಿಕೊಂಡ. ಅತ್ತಿಗೆ ಕುರ್ಚಿ ಎಳೆದುಕೊಟ್ಟಳು. ಹೊತ್ತು ಇಳಿಯುವವರೆಗೂ ಕುಟ್ಟಿದ, ಗೊಣಗಿದ, ಮತ್ತೆ ಕುಟ್ಟಿದ.

ಮೈದುನ: ಉಸ್ಸಪ್ಪಾ! ಇನ್ನು ಆ ಅಳಿಸೋ ಉದಾಹರಣೆ ಒಂದೇ ಬಾಕಿ. ಅದನ್ನೂ ಕುಟ್ಟಲಾ?

ಅತ್ತಿಗೆ: ಬೇಡ ಬೇಡ, ಕೈ ಎತ್ತು! ಅದೊಂದು ಫೋಟೋ ಆಗೇ ಇರಲಿ.